ಸ್ಟೇಷನ್ ಶಾಲೆಯ ಎಡತೋಳು

ಆ ಊರಿನಲ್ಲಿದ್ದದ್ದು ಎರಡೇ ಸರ್ಕಾರಿ ಪ್ರೌಢಶಾಲೆ. ಒಂದು ದಿಣ್ಣೆಯ ಮೇಲೆ, ಇನ್ನೊಂದು ರೈಲ್ವೆ ಸ್ಟೇಷನ್ನಿನ ಹಿಂದೆ. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ಪೇಟೆಬೀದಿಯವರೆಲ್ಲ ತಮ್ಮ ತಮ್ಮ ಕಸುಬಿನ ಕಿಟಕಿಯಿಂದ ಇಣುಕಿ ಉತ್ತರ ಕೊಡುತ್ತಿದ್ದರು. ದಿಣ್ಣೆ ಶಾಲೆಯ ಹುಡುಗರು ಕತ್ತರಿ ಆಡುವಾಗ ತಲೆ ಅಲ್ಲಾಡಿಸುವುದಿಲ್ಲ, ಆದ್ದರಿಂದ ಅದೇ ಒಳ್ಳೆಯ ಶಾಲೆ ಎನ್ನುವುದು ಕ್ಷೌರದಂಗಡಿಯವನ ತೀರ್ಪು. ಚಪ್ಪಲಿ ಹೊಲಿಯುವವನು ಒಪ್ಪುತ್ತಿರಲಿಲ್ಲ. ದಿಣ್ಣೆಯವರ ಕಿತ್ತ ಚಪ್ಪಲಿ ಅಮ್ಮಂದಿರ ಚೀಲದಲ್ಲಿ ಬರುತ್ತದೆ, ಸ್ಟೇಷನ್ ಶಾಲೆಯವರು ತಾವೇ ಕೈಯಲ್ಲಿ ಹಿಡಿದು ಬಂದು ಎಲ್ಲಿ ಚುಚ್ಚುತ್ತಿದೆ ಎಂದು ಹೇಳುತ್ತಾರೆ, ತನ್ನ ಕಾಲಿನ ಕಷ್ಟ ತಾನೇ ಹೇಳಬಲ್ಲ ಮಗುವಿಗೆ ಮಿಕ್ಕ ವಿದ್ಯೆಯೂ ಹತ್ತುತ್ತದೆ ಎಂದು ಅವನ ವಾದ.

ಆದರೆ ಕೊನೆಗೆ ಎಲ್ಲರೂ ಕಿವಿಗೊಡುತ್ತಿದ್ದದ್ದು ಟೈಲರನ ಮಾತಿಗೆ. ಎರಡೂ ಶಾಲೆಗೆ ಸಮವಸ್ತ್ರ ಹೊಲಿಯುವವನು ಅವನೊಬ್ಬನೇ. ಮಗುವನ್ನು ಯಾವ ಶಾಲೆಗೆ ಸೇರಿಸಿದರೂ ಅಳತೆ ಕೊಡಲು ಅವನ ಅಂಗಡಿಯ ಮೆಟ್ಟಿಲು ಹತ್ತಲೇಬೇಕು. ಟೇಪು ಹಿಡಿದು ಭುಜ ಅಳೆಯುತ್ತಲೇ ಅವನು ಕೇಳುತ್ತಿದ್ದ:

"ಯಾವ ಶಾಲೆ? ಸ್ಟೇಷನ್ನಾ? ಹಂಗಾದ್ರೆ ತೋಳಿಗೆ ಡಬಲ್ ಹೊಲಿಗೆ ಹಾಕ್ತೀನಿ. ಅಲ್ಲಿ ಬೇಕಾಗುತ್ತೆ."

ಅವನು ಹೀಗೆನ್ನಲು ಕಾರಣವಿತ್ತು. ದಿಣ್ಣೆ ಶಾಲೆಯ ಅಂಗಿ ಅವನ ಹತ್ತಿರ ವಾಪಸು ಬರುತ್ತಿದ್ದದ್ದು ಮಗು ಬೆಳೆದು ಅದು ಗಿಡ್ಡವಾದಾಗ ಮಾತ್ರ. ಮಡಿಕೆ ಬಿಚ್ಚಿ ಉದ್ದ ಮಾಡಿದರೆ ಮುಗಿಯಿತು. ಸ್ಟೇಷನ್ ಶಾಲೆಯ ಅಂಗಿಗಳು ಬರುತ್ತಿದ್ದದ್ದು ಭುಜಕ್ಕೆ ತೋಳು ಕೂಡುವ ಕಡೆ ಬಾಯಿಬಿಟ್ಟುಕೊಂಡು. ಅದೂ ಎಡತೋಳು ಮಾತ್ರ. ಹುಡುಗರದೂ ಅಷ್ಟೆ, ಹುಡುಗಿಯರದೂ ಅಷ್ಟೆ. ಏನಾಯ್ತೋ ಎಂದರೆ "ಎಳೆದ್ರು" ಎನ್ನುತ್ತಿದ್ದರು. ಯಾರು ಎಂದರೆ "ಪಕ್ಕದಲ್ಲಿರೋನು." ಟೈಲರನಿಗೆ ಅಷ್ಟು ಸಾಕಾಗಿತ್ತು.

"ಜಗಳ ಅಲ್ದೆ ಇನ್ನೇನು?" ಎಂದು ಅವನು ಚಪ್ಪಲಿಯವನಿಗೆ ಬಿಡಿಸಿ ಹೇಳುತ್ತಿದ್ದ. "ಎದುರಿಗೆ ನಿಂತೋನ ಬಲಗೈಗೆ ಸಿಗೋದು ಇವನ ಎಡತೋಳೇ ತಾನೆ? ಹಿಡಿದು ಜಗ್ಗಾಡ್ತಾರೆ. ಒಬ್ಬ ಹುಡುಗಂದು ಮಾತ್ರ ಯಾವಾಗ್ಲೂ ಬಲತೋಳು ಕಿತ್ತಿರುತ್ತೆ. ಅವನು ಭಾರಿ ಆಸಾಮಿ ಇರ್ಬೇಕು. ಅವನ ಮೇಲೆ ಬೀಳೋರು ಆ ಕಡೆಯಿಂದ ಬರ್ತಾರೆ."

"ಆ ಶಾಲೆ ಹುಡುಗರ ಮುಖದ ಮೇಲೆ ಒಂದು ಗೀರಾದ್ರೂ ನೋಡಿದ್ದೀಯಾ?" ಎಂದು ಚಪ್ಪಲಿಯವನು ಕೇಳುತ್ತಿದ್ದ.

"ಮುಖ ನಾನು ನೋಡಲ್ಲಪ್ಪ. ನನ್ನ ಕಣ್ಣು ಕತ್ತಿನಿಂದ ಕೆಳಗೆ."

ಇಷ್ಟು ದಿನ ಇದೆಲ್ಲ ಬೇರೆಯವರ ಮಕ್ಕಳ ಮಾತಾಗಿತ್ತು. ಆ ವರ್ಷ ಅವನ ಮನೆಗೇ ಬಂತು. ತಂಗಿಯ ಮಗಳು ಒಂದು ಚೀಲ ಬಟ್ಟೆಯೊಂದಿಗೆ ಬಸ್ಸಿಳಿದಳು.

ತಂಗಿ ದೂರದ ಶಹರದ ಆಸ್ಪತ್ರೆಯಲ್ಲಿ ನರ್ಸು. ಗಂಡನಿಲ್ಲ. ಹಗಲು ಪಾಳಿ ರಾತ್ರಿ ಪಾಳಿ ಎಂದು ಓಡಾಡುವ ಜೀವ. ಮಗಳಿಗೆ ಬೆನ್ನುಮೂಳೆಯ ಆಪರೇಷನ್ ಆಗಿ ಒಂದು ವರ್ಷ ಹಾಸಿಗೆಯಲ್ಲೇ ಕಳೆಯಿತು. ಮೂಳೆ ನೆಟ್ಟಗಾಯಿತು, ಅದರ ಜೊತೆಗೆ ಹುಡುಗಿ ಬಿದಿರಿನ ಹಾಗೆ ಎತ್ತರವೂ ಆದಳು. ತನಗಿಂತ ಚಿಕ್ಕವರ ತರಗತಿಯಲ್ಲಿ ಹೋಗಿ ಕೂತರೆ ಅಲ್ಲಿಯ ಮಕ್ಕಳು "ಆಂಟಿ, ಸ್ವಲ್ಪ ದಾರಿ ಬಿಡಿ" ಎನ್ನತೊಡಗಿದರು. ಮೊದಲು ಒಬ್ಬ, ಆಮೇಲೆ ಇಡೀ ತರಗತಿ. ಕೆಲವು ವಾರ ಹಲ್ಲು ಕಚ್ಚಿ ಸಹಿಸಿದವಳು ಒಂದು ದಿನ ಪುಸ್ತಕದ ಚೀಲವನ್ನು ಮಂಚದ ಕೆಳಗೆ ತಳ್ಳಿದಳು. ಅದು ಮತ್ತೆ ಹೊರಗೆ ಬರಲಿಲ್ಲ.

"ಅಣ್ಣ, ನನ್ನ ಕೈಲಾಗ್ತಿಲ್ಲ. ನಿಮ್ಮೂರಲ್ಲಿ ಯಾವುದು ಒಳ್ಳೆ ಶಾಲೆ ನೋಡಿ ನೀನೇ ಸೇರಿಸು" ಎಂದಿದ್ದಳು ತಂಗಿ ಫೋನಿನಲ್ಲಿ.

ಹುಟ್ಟಿದಾಗ ಅಂಗೈಯಷ್ಟಿದ್ದಳೆಂದು ಅವಳಿಗೆ ಗುಬ್ಬಿ ಎಂದು ಹೆಸರಿಟ್ಟವನು ಈ ಮಾವನೇ. ಈಗ ಗುಬ್ಬಿಯ ಭುಜ ಅಳೆಯಬೇಕಾದರೆ ಮಾವ ಮಣೆ ಹತ್ತಬೇಕು. ಬಂದ ಸಂಜೆಯೇ ಅವಳು ಅತ್ತೆಯ ಪಕ್ಕ ಕೂತು, ಗುಂಡಿಗೆ ಕಾಜ ಹೊಲಿಯುವುದನ್ನು ನೋಡುತ್ತ, ತನ್ನ ಷರತ್ತು ಹೇಳಿಬಿಟ್ಟಳು.

"ಒಂದೇ ಒಂದು ಸಲ ಹೋಗಿ ನೋಡ್ತೀನಿ ಮಾವ. ಅಲ್ಲೂ ಹಂಗೇ ಆದ್ರೆ ಇನ್ನು ಶಾಲೆ ಅನ್ನೋ ಮಾತು ಯಾರೂ ಎತ್ತಬಾರದು. ಅತ್ತೆ ಜೊತೆ ಕಾಜ ಹೊಲ್ಕೊಂಡು ಇರ್ತೀನಿ."

ಕೂಗಾಡಿ ಹೇಳಿದ್ದರೆ ಟೈಲರ್ ಹೆದರುತ್ತಿರಲಿಲ್ಲ. ಅವಳು ಅಷ್ಟು ತಣ್ಣಗೆ ಹೇಳಿದ್ದೇ ಅವನನ್ನು ಹೆದರಿಸಿತು. ಹಾಸಿಗೆಯ ಮೇಲೆ ಮಲಗಿಕೊಂಡೇ ಅಮ್ಮನ ಔಷಧಿ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ ಹುಡುಗಿ ಅದು. ಇರುವುದು ಒಂದೇ ಸಲ. ಬಟ್ಟೆ ಒಂದೇ ತುಂಡು ಇದ್ದಾಗ ಕತ್ತರಿ ಹಾಕುವ ಮುಂಚೆ ಕೈ ಹೇಗೆ ನಿಲ್ಲುತ್ತದೋ ಹಾಗಾಯಿತು ಅವನಿಗೆ.

ಆದರೂ ಯೋಚಿಸುವುದಕ್ಕೆ ಏನಿತ್ತು? ಬೆನ್ನಿಗೆ ಆಪರೇಷನ್ ಆದ ಮಗುವನ್ನು ಜಗ್ಗಾಡುವವರ ನಡುವೆ ಬಿಡುವುದುಂಟೆ? ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ಎಳೆದು ಅವಳನ್ನು ದಿಣ್ಣೆ ಶಾಲೆಗೆ ಕರೆದುಕೊಂಡು ಹೊರಟ.

ಒಳ್ಳೆಯ ಶಾಲೆ ಅಂದರೆ ಒಳ್ಳೆಯ ಶಾಲೆಯೇ. ಗುಡಿಸಿದ ಅಂಗಳ, ಸಾಲಾಗಿ ನಿಲ್ಲಿಸಿದ ಸೈಕಲ್ಲುಗಳು, ಗಾಜಿನ ಬೀರುವಿನಲ್ಲಿ ಒರೆಸಿಟ್ಟ ಪ್ರಯೋಗದ ಸೀಸೆಗಳು. ಎದುರಾದ ಮಕ್ಕಳೆಲ್ಲ ಬದಿಗೆ ಸರಿದು ನಿಂತು ದಾರಿ ಕೊಟ್ಟರು. ತಾನು ಹೊಲಿದ ಅಂಗಿಗಳ ಕಾಲರು ಅಲ್ಲಿ ಎಷ್ಟು ನೆಟ್ಟಗೆ ಕೂತಿವೆ ಎಂದು ಟೈಲರನಿಗೇ ಹೆಮ್ಮೆಯಾಯಿತು. ಮುಖ್ಯೋಪಾಧ್ಯಾಯಿನಿ ಬೆಳ್ಳಿಕೂದಲಿನ ಹೆಂಗಸು. ಆಪರೇಷನ್ನಿನ ವಿಷಯ ಕೇಳಿ ತಿಳಿದು, ಬೆನ್ನು ಆನಿಸಿಕೊಳ್ಳಲು ಅನುಕೂಲವಿರುವ ಕುರ್ಚಿ ಹಾಕಿಸುತ್ತೇನೆ ಎಂದರು. "ಇವತ್ತೇ ಒಂದು ತರಗತಿಗೆ ಹೋಗಿ ಕೂತು ನೋಡಮ್ಮ, ಆಮೇಲೆ ಹೇಳು" ಎಂದು ತಾವೇ ಒಂಬತ್ತನೇ ತರಗತಿಯ ಬಾಗಿಲವರೆಗೆ ಕರೆದೊಯ್ದರು. ಒಳಗೆ ಮೇಷ್ಟ್ರು ಇನ್ನೂ ಬಂದಿರಲಿಲ್ಲ.

ಗುಬ್ಬಿ ಹೊಸ್ತಿಲು ದಾಟಿದಳು. ಇಡೀ ತರಗತಿ ಒಮ್ಮೆಲೇ ಎದ್ದು ನಿಂತಿತು.

"ನಮಸ್ತೇ ಟೀಚರ್."

ಒಂದು ಮಗುವೂ ನಗಲಿಲ್ಲ. ತಮಾಷೆಗೆ ಹೇಳಿದ್ದಲ್ಲ. ಎತ್ತರದ, ಬಣ್ಣದ ಬಟ್ಟೆ ತೊಟ್ಟ ಹೆಣ್ಣುಮಗಳು ಒಳಗೆ ಬಂದಳು, ಹೊಸ ಟೀಚರ್ ಎಂದುಕೊಂಡು ಅವರು ಕಲಿತ ಮರ್ಯಾದೆ ತೋರಿಸಿದ್ದರು. ಗುಬ್ಬಿ ಅಲ್ಲೇ ಒಂದು ಗಳಿಗೆ ನಿಂತಳು. ಆಮೇಲೆ ತಿರುಗಿ, ಮಾವನನ್ನೂ ದಾಟಿ, ಸೀದಾ ಗೇಟಿನವರೆಗೆ ನಡೆದು ರಸ್ತೆಯ ಕಡೆ ಮುಖ ಮಾಡಿ ನಿಂತುಬಿಟ್ಟಳು.

ಟೈಲರ್ ಮುಖ್ಯೋಪಾಧ್ಯಾಯಿನಿಯ ಮುಖ ನೋಡಿದ. ಅವರ ಮುಖವೂ ಬಾಡಿತ್ತು.

"ಮಕ್ಕಳದು ತಪ್ಪಿಲ್ಲ. ನಾನೇ ಮೊದಲು ಒಳಗೆ ಹೋಗಿ ಹೇಳ್ಬೇಕಿತ್ತು" ಎಂದರು. ಆಮೇಲೆ ಕೇಳಿದರು, "ನಾನೊಂದು ಮಾತು ಹೇಳಿದ್ರೆ ಬೇಜಾರು ಮಾಡ್ಕೋಬೇಡಿ. ಇವಳನ್ನ ಸ್ಟೇಷನ್ ಶಾಲೆಗೆ ಯಾಕೆ ಸೇರಿಸಬಾರದು?"

"ಅಯ್ಯೋ ಮೇಡಂ, ಅಲ್ಲಿ ಬರೀ ಹೊಡೆದಾಟ."

"ಯಾರು ಹೇಳಿದ್ದು?"

"ಅಂಗಿಗಳೇ ಹೇಳ್ತಾವೆ."

"ನಾನು ಇಲ್ಲಿಗೆ ಬರೋ ಮುಂಚೆ ಅಲ್ಲೇ ಇದ್ದೆ. ಅಂಗಿ ಏನು ಹೇಳ್ತೋ ಗೊತ್ತಿಲ್ಲ. ನೀವೇ ಒಂದು ಮಧ್ಯಾಹ್ನ ಒಳಗೆ ಹೋಗಿ ಕೂತು ನೋಡಿ. ನಮ್ಮ ಶಾಲೆ ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ ಮತ್ತೆ. ಇವಳಿಗೆ ಬೇಕಾದ್ದು ಅಲ್ಲಿದೆ ಅಂತಿದೀನಿ."

ತಮ್ಮ ಅಂಗಡಿಗೆ ಬಂದ ಗಿರಾಕಿಯನ್ನು ಪಕ್ಕದಂಗಡಿಗೆ ಕಳಿಸುವವರನ್ನು ಟೈಲರ್ ಅಲ್ಲಿಯವರೆಗೆ ನೋಡಿರಲಿಲ್ಲ. ಕೈಮುಗಿದು ಬಂದ.

ಮನೆಗೆ ಬಂದ ಮೇಲೆ ಗುಬ್ಬಿ ಅತ್ತೆಯ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿದಳು. "ಒಂದು ಸಲ ಅಂದಿದ್ದೆ. ಆಯ್ತಲ್ಲ ಮಾವ."

"ಅದು ಹೆಂಗೆ ಆಯ್ತು? ಅಳತೆ ಕೊಟ್ಟ ಮಾತ್ರಕ್ಕೆ ಅಂಗಿ ಹೊಲಿದಂಗಾಯ್ತಾ? ನೀನು ಬೆಂಚೂ ಮುಟ್ಟಿಲ್ಲ. ಇದು ಲೆಕ್ಕಕ್ಕಿಲ್ಲ."

"ಹೊಸ್ತಿಲು ದಾಟಿದ್ದೀನಿ. ಲೆಕ್ಕಕ್ಕಿದೆ."

ಟೈಲರ್ ಹೆಂಡತಿಯ ಕಡೆ ನೋಡಿದ. ಅವಳು ಹಲ್ಲಿನಲ್ಲಿ ದಾರ ಕಡಿದು ಬೇರೇನೋ ಹೇಳುವವಳಂತೆ ಹೇಳಿದಳು, "ಸ್ಟೇಷನ್ ಶಾಲೆದು ರಿಪೇರಿ ಅಂಗಿ ಗಂಟು ಹಂಗೇ ಬಿದ್ದಿದೆ ಕಣ್ರೀ. ನಿಮಗೆ ಮಂಡಿ ನೋವು. ಗುಬ್ಬಿ, ನೀನು ಸುಮ್ನೆ ಗಂಟು ಹೊತ್ಕೊಂಡು ಇವರ ಜೊತೆ ಹೋಗ್ಬಿಟ್ಟು ಬಾ. ಸೇರೋಕಲ್ಲ. ಗಂಟು ಹೊರೋಕೆ."

"ಗಂಟು ಹೊರೋಕೆ ಮಾತ್ರ" ಎಂದಳು ಗುಬ್ಬಿ.

"ಇನ್ನೇನು? ನಿನ್ನ ಬೆನ್ನಿಗೆ ಹಾಕಿಸಿರೋ ಸ್ಕ್ರೂ ಸರಿಯಾಗಿ ಕೂತಿದೆಯೋ ಇಲ್ವೋ ಅದೂ ಗೊತ್ತಾಗುತ್ತೆ."

ಗುಬ್ಬಿ ಎಷ್ಟೋ ದಿನದ ಮೇಲೆ ತುಟಿಯ ತುದಿಯಲ್ಲಿ ನಕ್ಕಳು. ಮಾವನಿಗೆ ಮಂಡಿ ನೋವು ಅದೇ ಕ್ಷಣ ಶುರುವಾಯಿತು. ಗಂಟಿನಲ್ಲಿದ್ದದ್ದು ನಾಲ್ಕೇ ಅಂಗಿ, ಭಾರವಿರದ ಹಾಗೆ ಮಿಕ್ಕವನ್ನು ಅತ್ತೆ ಮೊದಲೇ ತೆಗೆದಿಟ್ಟಿದ್ದಳು. ಅದನ್ನು ಅವನು ಮರುದಿನ ದಾರಿಯಲ್ಲಿ ಗಮನಿಸಿದ.

ಸ್ಟೇಷನ್ ಶಾಲೆಯ ಗೋಡೆಗೆ ಸುಣ್ಣ ಬಳಿದು ಕಾಲವಾಗಿತ್ತು. ಗೇಟಿನ ಒಂದು ಬಾಗಿಲು ತಂತಿಯಲ್ಲಿ ಕಟ್ಟಿತ್ತು. ಆದರೆ ಒಳಗೆ ಹೆಜ್ಜೆಯಿಟ್ಟ ಟೈಲರನಿಗೆ ವಿಚಿತ್ರವೆನಿಸಿದ್ದು ಸದ್ದಿಲ್ಲದಿರುವುದು. ರಜಾ ಇರಬಹುದೇ ಎಂದುಕೊಂಡು ಉದ್ದನೆಯ ಹಾಲಿನ ಬಾಗಿಲಲ್ಲಿ ಇಣುಕಿದರೆ ಒಳಗೆ ತುಂಬಿದ ಮಕ್ಕಳು. ಹಾಲಿನ ಆ ತುದಿಯ ಕರಿಹಲಗೆಯಲ್ಲಿ ಒಬ್ಬ ಟೀಚರ್ ಎಂಟನೇ ತರಗತಿಗೆ ಪಾಠ ಬರೆಯುತ್ತಿದ್ದರು. ಈ ತುದಿಯ ಹಲಗೆಯಲ್ಲಿ ಗಣಿತದ ಮೇಷ್ಟ್ರು, ಕುಳ್ಳನೆಯ ಮನುಷ್ಯ, ಒಂಬತ್ತನೆಯವರಿಗೆ. ಇಬ್ಬರೂ ಮಾತಾಡುತ್ತಿದ್ದದ್ದು ಪಿಸುಮಾತಿಗಿಂತ ಸ್ವಲ್ಪವೇ ಜೋರಾಗಿ. ನಡುವಿನ ಬೆಂಚುಗಳಲ್ಲಿ ಎರಡೂ ತರಗತಿಯವರು ಬೆರೆತು ಕೂತಿದ್ದರು, ಒಬ್ಬ ದೊಡ್ಡವನು, ಪಕ್ಕದಲ್ಲಿ ಒಬ್ಬ ಚಿಕ್ಕವನು. ಮೇಷ್ಟ್ರು ಇವರನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, ಕೊನೆಯ ಬೆಂಚಿನ ಖಾಲಿ ಜಾಗ ತೋರಿಸಿದರು.

ಟೈಲರ್ ತುದಿಯಲ್ಲಿ ಕೂತ. ಗುಬ್ಬಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಒಳಬದಿಗೆ ಕೂತಳು. ಅವಳ ಎಡಕ್ಕೆ ಸಣ್ಣ ಕಿವಿಯ, ದೊಡ್ಡ ಕನ್ನಡಕದ ಎಂಟನೇ ತರಗತಿಯ ಹುಡುಗ. ಅವನು ಇವಳನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದ. ಆಮೇಲೆ ಅವಳ ಎಡತೋಳನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದ.

ಟೈಲರ್ ಅರ್ಧ ಎದ್ದೇಬಿಟ್ಟ. ಹುಡುಗ ಮತ್ತೆ ಎಳೆದ. ತನ್ನ ಪುಸ್ತಕವನ್ನು ಅವಳ ಮುಂದೆ ಸರಿಸಿ, ಒಂದು ಲೆಕ್ಕದ ಮೇಲೆ ಬೆರಳಿಟ್ಟು, ಕನ್ನಡಕದೊಳಗಿನಿಂದ ದೊಡ್ಡ ಕಣ್ಣು ಮಾಡಿಕೊಂಡು ಕಾದ.

ಆಗ ಟೈಲರ್ ಸುತ್ತ ನೋಡಿದ. ಮುಂದಿನ ಬೆಂಚಿನಲ್ಲಿ ಒಬ್ಬ ಚಿಕ್ಕ ಹುಡುಗಿ ಪಕ್ಕದ ದೊಡ್ಡ ಹುಡುಗಿಯ ತೋಳು ಜಗ್ಗಿದಳು. ಅವಳು ತಾನು ಬರೆಯುತ್ತಿದ್ದ ಸಾಲು ಮುಗಿಸಿ ಇತ್ತ ಬಾಗಿದಳು. ಆಚೆ ಮತ್ತೊಬ್ಬ. ಅದರಾಚೆ ಇನ್ನೊಬ್ಬ. ಎಲ್ಲರದೂ ಎಡತೋಳೇ, ಬಲಗೈ ಬರೆಯುತ್ತಿತ್ತಲ್ಲ. ಕಿಟಕಿಯ ಹತ್ತಿರ ಒಬ್ಬ ಮಾತ್ರ ಎಡಗೈಯಲ್ಲಿ ಬರೆಯುತ್ತಿದ್ದ. ಅವನ ಬಲಕ್ಕೆ ಕೂತ ಚಿಕ್ಕವನು ಬಲತೋಳು ಹಿಡಿದು ತೂಗಾಡುತ್ತಿದ್ದ. ಭಾರಿ ಆಸಾಮಿ ಎಂದುಕೊಂಡಿದ್ದವನು ಕಡ್ಡಿಯಂಥ ಹುಡುಗ, ಎಡಚ. ಟೈಲರ್ ನಿಧಾನವಾಗಿ ಮತ್ತೆ ಬೆಂಚಿನ ಮೇಲೆ ಕೂತ. ಇಷ್ಟು ವರ್ಷ ಸರಿಯಾಗಿ ಹೊಲಿದು ತಪ್ಪಾಗಿ ಓದಿಕೊಂಡಿದ್ದೆನಲ್ಲ ಎಂದು ಅವನಿಗೆ ನಗುವೂ ಬಂತು, ಕಿವಿಯೂ ಬಿಸಿಯಾಯಿತು.

ಗುಬ್ಬಿ ಇನ್ನೂ ಲೆಕ್ಕ ನೋಡುತ್ತಿದ್ದಳು. ಹುಡುಗ ಪಿಸುಗುಟ್ಟಿದ, "ಅಕ್ಕ, ಇದು ಯಾಕೆ ಉಲ್ಟಾ ಆಗುತ್ತೆ?"

"ನಾನು ಈ ಶಾಲೆಯವಳಲ್ಲ" ಎಂದಳು ಅವಳೂ ಪಿಸುಮಾತಿನಲ್ಲಿ.

"ಪರವಾಗಿಲ್ಲ. ಲೆಕ್ಕ ಗೊತ್ತಾ?"

ಅವಳಿಗೆ ಗೊತ್ತಿತ್ತು. ಭಿನ್ನರಾಶಿಯ ಭಾಗಾಕಾರ. ಒಂದು ಕ್ಷಣ ಗಂಟನ್ನು ಹಿಡಿದೇ ಇದ್ದಳು. ಆಮೇಲೆ ಅದನ್ನು ಮಾವನ ಮಡಿಲಿಗೆ ದಾಟಿಸಿ ಪೆನ್ಸಿಲು ಕೇಳಿ ಇಸಿದುಕೊಂಡಳು. ಅವಳು ಒಂದು ಹಾಳೆಯನ್ನು ಹರಿದು ಮಡಿಸಿ, ಮತ್ತೆ ಮಡಿಸಿ, ಅರ್ಧದಲ್ಲಿ ಕಾಲು ಎಷ್ಟು ಸಲ ಕೂರುತ್ತದೆ ಎಂದು ತೋರಿಸಿದಳು. ಅತ್ತೆ ಬಟ್ಟೆ ಮಡಿಸಿ ಕಾಜದ ಗುರುತು ಹಾಕುವುದನ್ನು ನೋಡಿ ಕಲಿತದ್ದಿರಬೇಕು. ಹುಡುಗ ತಾನೊಂದು ಮಾಡಿದ, ತಪ್ಪಾಯಿತು, ಇನ್ನೊಂದು ಮಾಡಿದ, ಸರಿಯಾಯಿತು. ಆಗ ಅವನ ಆಚೆ ಕಡೆಯ ಹುಡುಗಿಯೂ ಇತ್ತ ಜರುಗಿದಳು. ಗಂಟೆ ಹೊಡೆಯಿತು. ಮಕ್ಕಳು ಎದ್ದು ಹೊರಗೋಡಿದರು, ಅಷ್ಟು ಹೊತ್ತು ತಡೆದಿಟ್ಟ ಗದ್ದಲವೆಲ್ಲ ಅಂಗಳದಲ್ಲಿ ಸಿಡಿಯಿತು. ಕೊನೆಯ ಬೆಂಚಿನಲ್ಲಿ ಮೂರು ತಲೆಗಳು ಒಂದೇ ಹಾಳೆಯ ಮೇಲೆ ಬಾಗಿದ್ದವು.

ಮೇಷ್ಟ್ರು ಟೈಲರನ ಹತ್ತಿರ ಬಂದರು. ಟೈಲರ್ ಎದ್ದು ಗಂಟು ಕೊಟ್ಟು, "ಇದೇನು ಸ್ವಾಮಿ ಈ ಪದ್ಧತಿ?" ಎಂದು ಕೇಳಿದ.

"ಒಂದು ಮಳೆಗಾಲದಲ್ಲಿ ಆ ಕಡೆ ಕೋಣೆ ಸೂರು ಕುಸೀತು. ಎರಡು ತರಗತಿ ಒಂದೇ ಹಾಲಿಗೆ ಬಂತು. ಮಕ್ಕಳು ಕೂಗಿ ಕೇಳಿದ್ರೆ ಇಬ್ಬರ ಪಾಠವೂ ಕೆಡುತ್ತೆ. ಅದಕ್ಕೆ, ಅನುಮಾನ ಬಂದ್ರೆ ಪಕ್ಕದಲ್ಲಿರೋ ದೊಡ್ಡವರ ತೋಳು ಎಳೀರಿ ಅಂದ್ವಿ. ಸೂರು ರಿಪೇರಿ ಆಗಿ ಎಷ್ಟೋ ಕಾಲ ಆಯ್ತು. ಮಕ್ಕಳು ಬೇರೆ ಕೂರೋಕೆ ಒಪ್ಪಲಿಲ್ಲ. ಚಿಕ್ಕವರಿಗೆ ಅಣ್ಣ ಅಕ್ಕ ಬೇಕು. ದೊಡ್ಡವರಿಗೆ, ಹೇಳಿಕೊಡ್ತಾ ಹೇಳಿಕೊಡ್ತಾ ಹೋದ ವರ್ಷದ್ದು ಗಟ್ಟಿಯಾಗುತ್ತೆ." ಅವರು ಗಂಟಿನ ಮೇಲಿನ ಅಂಗಿ ಬಿಡಿಸಿ ತೋಳಿನ ಹೊಲಿಗೆಯನ್ನು ಬೆರಳಿನಲ್ಲಿ ಸವರಿದರು. "ಈ ಡಬಲ್ ಹೊಲಿಗೆ ಹಾಕೋರು ನೀವೇನಾ? ಎಷ್ಟು ದಿನದಿಂದ ನಿಮಗೊಂದು ಥ್ಯಾಂಕ್ಸ್ ಹೇಳ್ಬೇಕು ಅಂತಿದ್ದೆ. ನೀವು ಇಲ್ಲದಿದ್ರೆ ನಮ್ಮ ಮಕ್ಕಳೆಲ್ಲ ಒಂದೇ ತೋಳಿನ ಅಂಗೀಲಿ ಓಡಾಡ್ಬೇಕಿತ್ತು."

ಹೊಡೆದಾಟಕ್ಕೆಂದು ಹಾಕಿದ ಹೊಲಿಗೆಗೆ ಈ ಕೃತಜ್ಞತೆ ತೆಗೆದುಕೊಳ್ಳುವುದು ಹೇಗೆಂದು ಟೈಲರನಿಗೆ ತಿಳಿಯಲಿಲ್ಲ. "ಏನೋ, ನನಗೆ ತೋಚಿದ್ದು ಮಾಡ್ದೆ" ಎಂದಷ್ಟೇ ಹೇಳಿದ.

ದಾರಿಯುದ್ದಕ್ಕೂ ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ. ಒಂದು ಮಾತು ಹೆಚ್ಚಾದರೂ ಎಲ್ಲ ಕೆಡಬಹುದು. ಪೇಟೆಬೀದಿಯ ತಿರುವಿನಲ್ಲಿ ಗುಬ್ಬಿಯೇ ಕೇಳಿದಳು:

"ಮಾವ, ಗಂಟು ಹೊರೋಕೆ ಹೋಗಿದ್ದು ಲೆಕ್ಕಕ್ಕೆ ಬರುತ್ತಾ?"

"ಅದು ನೀನೇ ಹೇಳ್ಬೇಕು ತಾಯಿ."

"ಬರಲ್ಲ ಅಲ್ವಾ? ಹಂಗಾದ್ರೆ ನಂದು ಆ ಒಂದು ಸಲ ಇನ್ನೂ ಬಾಕಿ ಇದೆ. ನಿನ್ನೇದು ಲೆಕ್ಕಕ್ಕಿಲ್ಲ ಅಂತ ನೀವೇ ಅಂದಿದ್ರಿ."

"ಅಂದಿದ್ದೆ. ಈಗಲೂ ಅಂತೀನಿ."

"ನಾಳೆ ಆ ಕನ್ನಡಕದವನಿಗೆ ಗುಣಾಕಾರಾನೂ ಕಾಗದ ಮಡಿಸಿ ತೋರಿಸ್ತೀನಿ ಅಂದಿದ್ದೀನಿ" ಎಂದು ಅವಳು ನೆಲ ನೋಡುತ್ತ ಹೇಳಿದಳು. "ಸುಮ್ನೆ ಅಂದಿದ್ದು."

ಅವತ್ತು ದೀಪ ಹಚ್ಚುವ ಹೊತ್ತಿಗೆ ಅಳತೆ ತೆಗೆದಾಗಿತ್ತು. ಟೈಲರ್ ಮಣೆ ಹತ್ತಿದ, ಹೆಂಡತಿ ನಕ್ಕಳು.

ಆ ವಾರವೇ ಅವನು ಮತ್ತೆ ದಿಣ್ಣೆ ಹತ್ತಿದ. ಮುಖ್ಯೋಪಾಧ್ಯಾಯಿನಿ ಅಂಗಳದಲ್ಲಿ ನಿಂತಿದ್ದರು.

"ಮೇಡಂ, ಹೇಳಿ ಹೋಗೋಣ ಅಂತ ಬಂದೆ. ಹುಡುಗಿ ಅಲ್ಲಿ ಕೂತ್ಲು. ನೀವು ಅವತ್ತು ಬಾಯಿ ಬಿಟ್ಟು ಹೇಳದಿದ್ರೆ ನಾನು ನನ್ನ ಅಂಗಿ ಮಾತೇ ನಂಬ್ಕೊಂಡು ಇರ್ತಿದ್ದೆ. ನಿಮ್ಮ ಉಪಕಾರ ನಾನು ಮರೆಯಲ್ಲ."

"ಉಪಕಾರ ಎಂಥದು? ಮಗು ಒಂದು ಕಡೆ ಕೂತ್ರೆ ಸಾಕು. ಅದಿರ್ಲಿ, ಇನ್ಮೇಲೆ ನಮ್ಮ ಶಾಲೆ ಬಗ್ಗೆ ಜನಕ್ಕೆ ಏನು ಹೇಳ್ತೀರಿ?"

ಟೈಲರ್ ತಲೆ ಕೆರೆದುಕೊಂಡ. "ಒಳ್ಳೆ ಶಾಲೇನೇ. ಸುಮ್ನೆ ಕೂತು ಓದೋ ಮಗೂಗೆ ಅದಕ್ಕಿಂತ ಬೇಕಾ? ಮರ್ಯಾದೆ ಒಂಚೂರು ಜಾಸ್ತಿ, ಅಷ್ಟೆ."

ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಆ ಮೇಲೆ, ಹೊಸ ಮಗು ಬಂದರೆ ಈಗ ತಾವೇ ಮುಂಚೆ ಒಳಗೆ ಹೋಗಿ ತಿಳಿಸುವುದಾಗಿ ಹೇಳಿದರು.

ಚಪ್ಪಲಿಯವನು ಇಷ್ಟಕ್ಕೆ ಬಿಡಲಿಲ್ಲ. "ಏನಪ್ಪ, ಹೊಡೆದಾಟದ ಶಾಲೆಗೆ ತಂಗಿ ಮಗಳನ್ನ ಕಳಿಸ್ತಿದ್ದೀಯಂತೆ" ಎಂದು ದಿನಾ ಚುಚ್ಚುತ್ತಿದ್ದ. ಟೈಲರ್ ಮಿಷನ್ ತುಳಿಯುತ್ತ "ನಿನ್ನ ಕಿಟಕಿ ನನ್ನದಕ್ಕಿಂತ ದೊಡ್ಡದಿತ್ತು ಮಾರಾಯ, ಒಪ್ಕೊಂಡೆ" ಎಂದು ಒಂದು ದಿನ ಹೇಳಿಬಿಟ್ಟ. ಆ ಮೇಲೆ ಚಪ್ಪಲಿಯವನಿಗೆ ಚುಚ್ಚುವುದಕ್ಕೆ ಏನೂ ಉಳಿದಿರಲಿಲ್ಲ.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಗುಬ್ಬಿಯ ಹಣೆ ಹಿಂದಿನ ದಿನದ ಹಾಗೇ ಇನ್ನೂ ಬಿಸಿಯಾಗಿತ್ತು, ಮೂಗು ಕಟ್ಟಿತ್ತು. ಅತ್ತೆ ಕಷಾಯ ಮುಂದಿಟ್ಟು, "ಇವತ್ತು ಮನೇಲೇ ಮಲಗು, ಶಾಲೆ ಎಲ್ಲಿಗೂ ಓಡಿಹೋಗಲ್ಲ" ಎಂದಳು. ಗುಬ್ಬಿ ಲೋಟ ಕೆಳಗಿಡುತ್ತಲೇ ಜಡೆ ಹೆಣೆಯತೊಡಗಿದಳು.

"ಆಗಲ್ಲ ಅತ್ತೆ. ಆ ಕನ್ನಡಕದವನಿಗೆ ಇವತ್ತು ಪರೀಕ್ಷೆ. ನಾನು ಹೋಗ್ದಿದ್ರೆ ಅವನು ಯಾರ ಪಕ್ಕ ಕೂತ್ಕೋತಾನೆ?"

"ಪರೀಕ್ಷೇಲಿ ತೋಳು ಎಳೆಯೋ ಹಾಗಿಲ್ವಲ್ಲೇ."

"ಎಳೆಯಲ್ಲ. ಪಕ್ಕದಲ್ಲಿ ಇದ್ರೆ ಸಾಕಂತೆ."

ಮಫ್ಲರು ಸುತ್ತಿಕೊಂಡು ಅವಳು ಮೆಟ್ಟಿಲಿಳಿದು ಹೋದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ತಂಗಿ, ರಾತ್ರಿ ಪಾಳಿ ಮುಗಿಸಿ ಮಾಡಿದ್ದಳು.

"ಅಣ್ಣ, ಗುಬ್ಬಿಗೆ ಜ್ವರ ಅಂತ ಅತ್ತಿಗೆ ನಿನ್ನೆ ಹೇಳಿದ್ರು. ಮಲಗಿದ್ದಾಳಾ? ಶಾಲೆಗೆ ಹೋಗಲ್ಲ ಅಂತಿದ್ದಾಳಾ? ಬಲವಂತ ಮಾಡ್ಬೇಡ ಆಯ್ತಾ, ಜ್ವರದ ನೆಪ ಹೇಳಿದ್ರೂ ಬೈಬೇಡ."

"ಬಲವಂತ ಮಾಡಿದ್ವಮ್ಮ" ಎಂದ ಟೈಲರ್. "ಹೋಗ್ಬೇಡ ಅಂತ ಬಲವಂತ ಮಾಡಿದ್ವಿ. ಕೇಳಲಿಲ್ಲ. ಹೋದ್ಲು."

ಆ ಕಡೆಯಿಂದ ಆಸ್ಪತ್ರೆಯ ಯಾವುದೋ ಗಾಡಿಯ ಚಕ್ರ ಉರುಳುವ ಸದ್ದು ಮಾತ್ರ ಕೇಳುತ್ತಿತ್ತು.

"ಯಾಕಮ್ಮ, ಅಳ್ತಿದ್ದೀಯಾ?"

"ಇಲ್ಲಣ್ಣ. ರಾತ್ರಿಯೆಲ್ಲ ನಿಂತಿದ್ನಲ್ಲ, ನಿದ್ದೆ." ಅವಳು ಮೂಗು ಎಳೆದುಕೊಂಡಳು. "ಇನ್ನೊಂದು ಸಲ ಹೇಳು. ಏನಂದೆ?"

ಟೈಲರ್ ಇನ್ನೊಂದು ಸಲ ಹೇಳಿದ.